ಊಟ ಯಾರು ಹಾಕಿದರು?

ಓದುಗರ ಪತ್ರ:

ಕಳೆದ ಸಂಚಿಕೆಯಲ್ಲಿ ದೆಹಲಿಯ ಹುಮಾಯೂನ್ ಸಮಾಧಿ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ‘ಶೇರ್ ಶಾನಿಂದ ಸೋತು 15 ವರ್ಷ ದೇಶಾಂತರ ಅಲೆದ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಮ್ಮ ಪಠ್ಯಪುಸ್ತಕದಲ್ಲೂ ಅಷ್ಟೇ ಇರೋದು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಮೊನ್ನೆ ಒಬ್ಬ ಹುಡುಗ ಎದ್ದು ನಿಂತು, ‘ಮಿಸ್, 15 ವರ್ಷ ಅವನಿಗೆ ಊಟ ಯಾರು ಹಾಕಿದರು?’ ಅಂದ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದರೆ ಉತ್ತರ ನನಗೂ ಗೊತ್ತಿಲ್ಲ. ಹೆಂಡತಿ ಮಕ್ಕಳು ಎಲ್ಲಿದ್ದರು? ಮೂವರು ತಮ್ಮಂದಿರಿದ್ದರಲ್ಲ, ಅವರೇನು ಮಾಡುತ್ತಿದ್ದರು? ಸ್ವಲ್ಪ ವಿವರವಾಗಿ ಬರೆಯಿರಿ.

– ಒಬ್ಬ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಸಂಪಾದಕರ ಉತ್ತರ:

ಮೇಡಂ, ಮೊದಲು ತಪ್ಪೊಪ್ಪಿಗೆ. ಆ ಸಾಲು ಬರೆದವರು ಲೇಖಕರಲ್ಲ, ನಾನು. ಪುಟ ಜಾಸ್ತಿ ಆಯ್ತು ಅಂತ ಎರಡು ಪ್ಯಾರಾ ಕತ್ತರಿಸಿ ಅಲ್ಲಿ ಆ ಒಂದು ಸಾಲು ತುರುಕಿದೆ. ಅದು ಬರೀ ಚಿಕ್ಕದಲ್ಲ, ತಪ್ಪು ಕೂಡ. ಹುಮಾಯೂನ್ 15 ವರ್ಷ ಅಲೆಯಲಿಲ್ಲ. ಅಲೆದದ್ದು ಸುಮಾರು 5 ವರ್ಷ, 1540ರಿಂದ 1545ರವರೆಗೆ. ಉಳಿದ 10 ವರ್ಷ ಅವನು ಕಾಬೂಲಿನ ಕಡೆ ಇದ್ದ. ದೆಹಲಿ ಇರಲಿಲ್ಲ, ಆದರೆ ರಾಜ್ಯ ಇತ್ತು, ಸೈನ್ಯ ಇತ್ತು. ಹಾಗಾದರೆ 10 ವರ್ಷ ಅಲ್ಲೇ ಯಾಕೆ ಕೂತ? ಶೇರ್ ಶಾನ ಭಯಕ್ಕಲ್ಲ. ಶೇರ್ ಶಾ 1545ರಲ್ಲೇ ತೀರಿಕೊಂಡಿದ್ದ. ಹುಮಾಯೂನನನ್ನು ಕಟ್ಟಿಹಾಕಿದ್ದು ಒಡಹುಟ್ಟಿದವರ ಜಗಳ.

ನಿಮ್ಮ ಹುಡುಗನ ಪ್ರಶ್ನೆಗೆ ಸುಮ್ನೆ ನಗಬಾರದಿತ್ತು ನೀವು. ಆ ಪ್ರಶ್ನೆ ಹಿಡಿದು ಹೊರಟರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಹುಮಾಯೂನನಿಗೆ ಅನ್ನ ಹಾಕಿದವರು ಹೊರಗಿನವರು, ಬಾಗಿಲು ಹಾಕಿದವರು ಮನೆಯವರು.

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷ ಆದ ಮೇಲೆ ಅಕ್ಬರ್ ತನ್ನ ಅಪ್ಪನ ಕಾಲ ಕಂಡವರನ್ನೆಲ್ಲ ಕರೆದು, ನೆನಪಿರೋದನ್ನು ಬರೆದುಕೊಡಿ ಅಂದ. ಹಾಗೆ ಬರೆದವರಲ್ಲಿ ಒಬ್ಬಳು ಗುಲ್‌ಬದನ್ ಬೇಗಂ, ಬಾಬರನ ಮಗಳು, ಹುಮಾಯೂನನಿಗೆ ಮಲತಂಗಿ. ಇನ್ನೊಬ್ಬ ಜೌಹರ್. ಹುಮಾಯೂನನಿಗೆ ಕೈ ತೊಳೆಯಲು ಹೂಜಿಯಲ್ಲಿ ನೀರು ಹಿಡಿದು ನಿಲ್ಲುತ್ತಿದ್ದ ಆಳು ಅವನು. ಆಸ್ಥಾನದ ಪಂಡಿತರು ಬರೆಯುವ ಇತಿಹಾಸದಲ್ಲಿ ಕುದುರೆ ಯಾರು ಕೊಟ್ಟರು, ಪಾತ್ರೆ ಇತ್ತಾ ಇಲ್ವಾ ಅನ್ನೋದು ಬರೋದು ಕಡಿಮೆ. ತಂಗಿಗೂ ಆಳಿಗೂ ಅದೇ ಮುಖ್ಯ. ಗುಲ್‌ಬದನ್ ಮರುಭೂಮಿಯಲ್ಲಿ ಜೊತೆಗಿರಲಿಲ್ಲ. ಅದನ್ನೆಲ್ಲ ಅವಳು ಕೇಳಿದ್ದು ಅತ್ತಿಗೆ ಹಮೀದಾಳ ಬಾಯಿಂದ. ಅಂದರೆ ಇತಿಹಾಸದ ಈ ಭಾಗ ನಮಗೆ ಬಂದಿರೋದು ಅತ್ತಿಗೆ ನಾದಿನಿ ಕೂತು ಆಡಿದ ಮಾತಿನಿಂದ.

ಬಾಬರ್ ಸತ್ತದ್ದು 1530ರ ಡಿಸೆಂಬರಿನಲ್ಲಿ. ಹುಮಾಯೂನನಿಗೆ ಆಗ 22 ವರ್ಷ. ಸಾಯುವ ಮುಂಚೆ ಅಪ್ಪ ಹೇಳಿದ ಮಾತೊಂದು ಆ ಮನೆಯಲ್ಲಿ ಉಳಿದುಕೊಂಡಿತ್ತು: ತಮ್ಮಂದಿರು ಎಂಥ ತಪ್ಪು ಮಾಡಿದರೂ ಅವರ ಮೇಲೆ ಕೈ ಎತ್ತಬೇಡ. ತಮ್ಮಂದಿರು ಮೂವರು. ಕಾಮ್ರಾನ್ ಮತ್ತು ಅಸ್ಕರಿ ಒಂದೇ ತಾಯಿಯ ಮಕ್ಕಳು. ಹಿಂದಾಲ್ ಬೇರೆ ತಾಯಿಯ ಮಗ, ಗುಲ್‌ಬದನ್‌ಳ ಒಡಹುಟ್ಟಿದ ಅಣ್ಣ. ಕಾಮ್ರಾನ್ ಕೈಯಲ್ಲಿ ಕಾಬೂಲೂ ಇತ್ತು, ಪಂಜಾಬೂ ಇತ್ತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನೋ ಗಾದೆ ಅವರ ಭಾಷೆಯಲ್ಲಿ ಇತ್ತೋ ಏನೋ, ಬದುಕಿನಲ್ಲಂತೂ ಇತ್ತು.

1539ರ ಜೂನ್ 26ರಂದು ಗಂಗಾ ತೀರದ ಚೌಸಾದಲ್ಲಿ ಶೇರ್ ಖಾನ್ (ಆಮೇಲೆ ಶೇರ್ ಶಾ ಅನ್ನಿಸಿಕೊಂಡವನು ಇವನೇ) ಹುಮಾಯೂನನ ಸೈನ್ಯವನ್ನು ಬೆಳಗಿನ ಜಾವ ಮುಗಿಸಿದ. ಹುಮಾಯೂನ್ ಹೊಳೆಗೆ ಬಿದ್ದ. ನಿಜಾಂ ಅನ್ನೋ ಭಿಸ್ತಿ, ಅಂದರೆ ತೊಗಲ ಚೀಲದಲ್ಲಿ ನೀರು ಹೊರುವವನು, ಗಾಳಿ ತುಂಬಿದ ಚೀಲ ಕೊಟ್ಟು ದಡ ಮುಟ್ಟಿಸಿದ. ಆ ಉಪಕಾರಕ್ಕೆ ಆಗ್ರಾದಲ್ಲಿ ಅವನನ್ನು ಸಿಂಹಾಸನದ ಮೇಲೆ ಕೂರಿಸಿದ್ದು ನಿಮ್ಮ ಪಠ್ಯದಲ್ಲೂ ಇರಬಹುದು. ಗುಲ್‌ಬದನ್ ಪ್ರಕಾರ ಎರಡು ದಿನ ಕೂರಿಸಿದ. ಶತ್ರು ತಲೆ ಮೇಲೆ ಬಂದಿರುವಾಗ ಇದೆಂಥ ಆಟ ಅಂತ ಕಾಮ್ರಾನ್ ಸಿಟ್ಟಾದ. ನನ್ನ ಕೇಳಿದರೆ ಈ ಒಂದು ವಿಷಯದಲ್ಲಿ ಕಾಮ್ರಾನ್ ಹೇಳಿದ್ದು ಸರಿಯಾಗಿಯೇ ಇತ್ತು.

ಪಠ್ಯದಲ್ಲಿ ಇಲ್ಲದ್ದು ಇನ್ನೊಂದಿದೆ. ಆ ದಿನ ಹುಮಾಯೂನನ ಮಗಳು ಅಕೀಕಾ ಕಳೆದುಹೋದಳು. ಎಂಟು ವರ್ಷದ ಹುಡುಗಿ. ಹೊಳೆಯಲ್ಲಿ ಹೋದಳೋ, ಗದ್ದಲದಲ್ಲಿ ಸಿಕ್ಕಿಬಿದ್ದಳೋ, ಕೊನೆಗೂ ತಿಳಿಯಲಿಲ್ಲ. ಹೆಂಡತಿ ಬೇಗಾ ಬೇಗಂ ಸೆರೆ ಸಿಕ್ಕಳು. ಶೇರ್ ಖಾನ್ ಅವಳನ್ನು ಮರ್ಯಾದೆಯಿಂದ ವಾಪಸ್ ಕಳಿಸಿಕೊಟ್ಟ. ಮಗಳು ಬರಲಿಲ್ಲ. ಆಗ್ರಾಕ್ಕೆ ಬಂದ ಹುಮಾಯೂನ್ ತಂಗಿ ಗುಲ್‌ಬದನ್‌ಳನ್ನು ನೋಡಿ ಮೊದಲು ಗುರುತೇ ಹಿಡಿಯಲಿಲ್ಲ. ಅವನು ಯುದ್ಧಕ್ಕೆ ಹೋಗುವಾಗ ಹುಡುಗಿಯರ ಟೋಪಿ ಹಾಕಿಕೊಂಡಿದ್ದವಳು ಈಗ ಮದುವೆಯಾದವರ ಹಾಗೆ ತಲೆವಸ್ತ್ರ ಕಟ್ಟಿದ್ದಳು. ಗುರುತು ಹತ್ತಿದ ಮೇಲೆ ಹೇಳಿದನಂತೆ, ನಿನ್ನನ್ನೂ ಕರೆದುಕೊಂಡು ಹೋಗಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿತ್ತು, ಸದ್ಯ ಕರೆದೊಯ್ಯಲಿಲ್ಲ, ಅಕೀಕಾಳನ್ನು ಕರೆದೊಯ್ದೆನಲ್ಲ ಅಂತ ನೂರು ಸಲ ನೊಂದಿದ್ದೇನೆ ಅಂತ.

ಮುಂದಿನ ವರ್ಷ ಮೇ 17ರಂದು ಕನೌಜ್ ಹತ್ತಿರ ಮತ್ತೆ ಸೋಲು. ಈ ಸಲ ಓಡಲೇಬೇಕಾಯಿತು. ಅಕೀಕಾಳಿಗಾದ ಗತಿ ಉಳಿದ ಹೆಂಗಸರಿಗೂ ಬರುತ್ತದೆ, ಅದಕ್ಕಿಂತ ನಾನೇ ಅವರನ್ನು ಕೊಂದುಬಿಡುತ್ತೇನೆ ಅನ್ನುವ ಮಟ್ಟಕ್ಕೆ ಹುಮಾಯೂನ್ ಹೋಗಿದ್ದ. ಬೇಡ ಅಂದವನು ಹಿಂದಾಲ್. ಅಮ್ಮ, ಅಕ್ಕತಂಗಿಯರು ನನ್ನ ಜವಾಬ್ದಾರಿ ಅಂತ ಹೇಳಿ, ದಾರಿಯುದ್ದಕ್ಕೂ ಹೊಡೆದಾಡಿಕೊಂಡು ಅವರನ್ನು ಲಾಹೋರಿಗೆ ಮುಟ್ಟಿಸಿದ. ಹಿಂದಾಲನಿಗೆ ಆಗ ಇಪ್ಪತ್ತು ದಾಟಿತ್ತು ಅಷ್ಟೇ. ಅವನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಲಾಹೋರಿನಲ್ಲಿ ನಾಲ್ವರು ಅಣ್ಣತಮ್ಮಂದಿರೂ ಸೇರಿದರು. ತಿಂಗಳುಗಟ್ಟಲೆ ಮಾತು. ತೀರ್ಮಾನ ಮಾತ್ರ ಇಲ್ಲ. ಇಡೀ ಹಿಂದೂಸ್ತಾನ ನಿನಗೇ ಬಿಟ್ಟಿದ್ದೇನೆ, ಸರ್ಹಿಂದ್ ಗಡಿ ಇರಲಿ, ಲಾಹೋರ್ ಬಿಡು ಅಂತ ಹುಮಾಯೂನ್ ಹೇಳಿ ಕಳಿಸಿದ. ನಿನಗೆ ಕಾಬೂಲ್ ಬಿಟ್ಟಿದ್ದೇನೆ, ಅಲ್ಲಿಗೆ ಹೋಗು ಅಂತ ಶೇರ್ ಖಾನನ ಉತ್ತರ ಬಂತು. ಆದರೆ ಕಾಬೂಲು ಕಾಮ್ರಾನನದು. ಅಣ್ಣನನ್ನು ಒಳಗೆ ಬಿಡಲು ಅವನು ತಯಾರಿರಲಿಲ್ಲ. ಅಷ್ಟೇ ಅಲ್ಲ, ಹಿಂಬಾಗಿಲಿನಿಂದ ಶೇರ್ ಖಾನನ ಜೊತೆ ಮಾತುಕತೆಯನ್ನೂ ಇಟ್ಟುಕೊಂಡಿದ್ದ. ಅದು ಬಯಲಾದಾಗ ಕಾಮ್ರಾನನನ್ನು ಮುಗಿಸಿಬಿಡಿ ಅಂತ ಜೊತೆಯಲ್ಲಿದ್ದವರು ಹೇಳಿದರು. ಹುಮಾಯೂನ್ ಒಪ್ಪಲಿಲ್ಲ. ಅಪ್ಪನ ಮಾತು ಅಡ್ಡ ಬಂತು. ಅಳುತ್ತಿದ್ದ ಗುಲ್‌ಬದನ್‌ಳನ್ನು ಕಾಮ್ರಾನ್ ಕನೌಜ್ ಸೋಲಿಗೆ ಮುಂಚೆಯೇ ಆಗ್ರಾದಿಂದ ಬಲವಂತವಾಗಿ ಲಾಹೋರಿಗೆ ಕರೆತಂದಿದ್ದ. ಆಮೇಲೆ ಅವಳು ಇದ್ದದ್ದು ಕಾಬೂಲಿನಲ್ಲಿ.

ಹುಮಾಯೂನ್ ಸಿಂಧ್ ಕಡೆ ತಿರುಗಿದ. ಅಲ್ಲಿನ ದೊರೆ ಶಾ ಹುಸೇನ್ ಅರ್ಘೂನ್ ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಸುತ್ತಮುತ್ತ ದವಸ ಸಿಗದ ಹಾಗೆ ಮಾತ್ರ ನೋಡಿಕೊಂಡ. ಅದರ ಮಧ್ಯೆ ನಮ್ಮ ಬಾದಶಹ ಮದುವೆಗೆ ನಿಂತ! ಹಿಂದಾಲನ ತಾಯಿ ದಿಲ್ದಾರ್ ಬೇಗಂ ಬಿಡಾರದಲ್ಲಿ ಹಮೀದಾ ಬಾನುವನ್ನು ಕಂಡ. ಹಿಂದಾಲನಿಗೆ ಗುರುವಾಗಿದ್ದವರ ಮಗಳು. 14 ವರ್ಷ. ನಿಮ್ಮ ಒಂಬತ್ತನೇ ಕ್ಲಾಸಿನಲ್ಲಿ ಕೂರುವ ಹುಡುಗಿಯ ವಯಸ್ಸು. ಅವನಿಗೆ 33, ಮನೆಯಲ್ಲಿ ಬೇರೆ ಹೆಂಡತಿಯರು, ಕೈಯಲ್ಲಿ ರಾಜ್ಯವಿಲ್ಲ. ಹುಡುಗಿ ಒಪ್ಪಲಿಲ್ಲ. ಕರೆದರೆ ಬರಲಿಲ್ಲ. ಒಮ್ಮೆ ನಮಸ್ಕಾರ ಮಾಡಿದ್ದೇನಲ್ಲ, ಮತ್ತೆ ಯಾಕೆ ಬರಬೇಕು ಅಂದಳು. ದಿಲ್ದಾರ್ ಬೇಗಂ ಬುದ್ಧಿ ಹೇಳಲು ಹೋದಾಗ ಅವಳು ಕೊಟ್ಟ ಉತ್ತರ ಹೀಗಿತ್ತು: ಮದುವೆಯೇನೋ ಆಗುತ್ತೇನೆ, ಆದರೆ ನನ್ನ ಕೈಗೆ ಕೊರಳಪಟ್ಟಿ ಎಟುಕುವಂಥವನನ್ನು, ಅಂಗಿಯ ಅಂಚೂ ಎಟುಕದವನನ್ನಲ್ಲ. ನಲವತ್ತು ದಿನ ಹೀಗೇ ನಡೆಯಿತು. ಕೊನೆಗೆ 1541ರಲ್ಲಿ ಮದುವೆ ಆಯಿತು, ಮುಹೂರ್ತವನ್ನು ಹುಮಾಯೂನನೇ ನಕ್ಷತ್ರ ನೋಡುವ ಯಂತ್ರ ಹಿಡಿದು ಇಟ್ಟ. ಹಿಂದಾಲನಿಗೆ ಇದು ಸರಿಬೀಳಲಿಲ್ಲ, ಅಣ್ಣನನ್ನು ಬಿಟ್ಟು ಕಂದಹಾರಿಗೆ ಹೋದ. ಇದನ್ನು ಚಂದದ ಪ್ರೇಮಕಥೆ ಮಾಡಿ ಬರೆಯುವವರಿದ್ದಾರೆ. ನನಗೆ ಆ ಹುಡುಗಿಯ ಬೇಡ ಅನ್ನೋ ಮಾತೇ ಜೋರಾಗಿ ಕೇಳಿಸುತ್ತದೆ.

ಆಮೇಲೆ ಜೋಧಪುರದ ಮಾಲದೇವ ಕರೆದ ಅಂತ ಆ ಕಡೆ ಹೊರಟು, ಅವನ ಮನಸ್ಸು ಬದಲಾಗಿದೆ ಅಂತ ಗೊತ್ತಾಗಿ, ಬಂದ ದಾರಿಗೇ ತಿರುಗಿ ಥಾರ್ ಮರುಭೂಮಿಯನ್ನು 1542ರ ಬೇಸಿಗೆಯಲ್ಲಿ ದಾಟಿದರು, ಅದೂ ಹಮೀದಾ ತುಂಬು ಬಸುರಿಯಾಗಿರುವಾಗ. ನೀವು ಹಳೆಯ ಕಪಿಲೆ ಬಾವಿ ನೋಡಿರಬಹುದು. ಎತ್ತು ಇಳಿಜಾರಿನಲ್ಲಿ ಹೋದ ಹಾಗೆ ಬಾನಿ ಮೇಲೆ ಬರುತ್ತದಲ್ಲ, ಅದೇ. ಆದರೆ ಅಲ್ಲಿನ ಬಾವಿಗಳು ಎಷ್ಟು ಆಳ ಅಂದರೆ, ಬಾನಿ ಬಾಯಿಗೆ ಬಂದಾಗ ನಗಾರಿ ಹೊಡೆಯಬೇಕಿತ್ತು. ಎತ್ತು ಹೊಡೆಯುವವನು ಅಷ್ಟು ದೂರ ಹೋಗಿರುತ್ತಿದ್ದ, ಕೂಗಿದರೆ ಕೇಳಿಸುತ್ತಿರಲಿಲ್ಲ. ನಗಾರಿ ಸದ್ದಾದ ಕೂಡಲೇ ಜನ ಬಾನಿಯ ಮೇಲೆ ಬೀಳುತ್ತಿದ್ದರು, ಹಗ್ಗ ಹರಿದು ಬಾನಿಯೂ ಜನರೂ ಒಳಗೆ. 

ಇನ್ನೊಂದು ಚಿತ್ರ ಗುಲ್‌ಬದನ್ ಬರೆದದ್ದು. ಹಮೀದಾಳಿಗೆ ಒಳ್ಳೆಯ ಕುದುರೆ ಇರಲಿಲ್ಲ. ತಾರ್ದಿ ಬೇಗ್ ಅನ್ನೋ ಸರದಾರನನ್ನು ಕೇಳಿದರೆ ಕೊಡಲಿಲ್ಲ. ಜೌಹರನ ಒಂಟೆ ತನ್ನಿ, ನಾನು ಅದರ ಮೇಲೆ ಬರುತ್ತೇನೆ, ನನ್ನ ಕುದುರೆ ಬೇಗಂಗೆ ಕೊಡಿ ಅಂದ ಹುಮಾಯೂನ್. ಇದು ಕಿವಿಗೆ ಬಿದ್ದ ನದೀಂ ಬೇಗ್ ತನ್ನ ತಾಯಿಯನ್ನು ಕುದುರೆಯಿಂದ ಇಳಿಸಿ ಒಂಟೆ ಹತ್ತಿಸಿ, ಆ ಕುದುರೆಯನ್ನು ಬಾದಶಹನಿಗೆ ಕೊಟ್ಟ. ಆ ತಾಯಿ ಏನಂದಳು ಅಂತ ಯಾರೂ ಬರೆದಿಲ್ಲ.

ಆಗಸ್ಟಿನಲ್ಲಿ ಉಮರ್‌ಕೋಟ್ ಮುಟ್ಟಿದರು. ಇವತ್ತಿನ ಪಾಕಿಸ್ತಾನದ ಸಿಂಧ್‌ನಲ್ಲಿದೆ. ಅಲ್ಲಿನ ಹಿಂದೂ ರಾಣಾ ಎದುರು ಬಂದು ಕರೆದುಕೊಂಡು ಹೋದ, ಜಾಗ ಕೊಟ್ಟ, ಊಟ ಕೊಟ್ಟ. ನಿಮ್ಮ ಹುಡುಗನಿಗೆ ಖುಷಿ ಆಗೋ ವಿವರ: ಅಲ್ಲಿ ಒಂದು ರೂಪಾಯಿಗೆ ನಾಲ್ಕು ಆಡು ಸಿಗುತ್ತಿದ್ದವು ಅಂತ ಗುಲ್‌ಬದನ್ ಬರೆದಿಟ್ಟಿದ್ದಾಳೆ. ಅಕ್ಟೋಬರ್ 15ರಂದು ಅಲ್ಲೇ ಅಕ್ಬರ್ ಹುಟ್ಟಿದ. ಅಪ್ಪ ಊರಲ್ಲಿರಲಿಲ್ಲ, ಮುಂದಿನ ಬಿಡಾರದಲ್ಲಿದ್ದ. ಸುದ್ದಿ ತಂದವನು ಕುದುರೆ ಕೊಡದ ಅದೇ ತಾರ್ದಿ ಬೇಗ್. ಹಂಚಲು ಏನೂ ಇಲ್ಲ. ಜೌಹರನ ಹತ್ತಿರ ಇಡಲು ಕೊಟ್ಟಿದ್ದ ಕಸ್ತೂರಿಯ ಉಂಡೆಯೊಂದನ್ನು ತರಿಸಿ, ಪಿಂಗಾಣಿ ತಟ್ಟೆಯ ಮೇಲೆ ಒಡೆದು, ಚೂರು ಚೂರು ಎಲ್ಲರಿಗೂ ಕೊಟ್ಟ.

ಮಗು ಜೊತೆಗಿದ್ದದ್ದು ಒಂದು ವರ್ಷ ಚಿಲ್ಲರೆ ಅಷ್ಟೇ. 1543ರ ಚಳಿಗಾಲದಲ್ಲಿ ಕಂದಹಾರಿನ ದಾರಿಯಲ್ಲಿ, ಈಗಿನ ಕ್ವೆಟ್ಟಾ ಸೀಮೆಯಲ್ಲಿ ಬಿಡಾರ ಹೂಡಿದ್ದಾಗ, ಅಸ್ಕರಿ ಹಿಡಿಯಲು ಬರುತ್ತಿದ್ದಾನೆ ಅಂತ ಸುದ್ದಿ ಬಂತು. ಕುದುರೆಗಳೂ ಸಾಲದು, ಹೊತ್ತೂ ಇಲ್ಲ. ಆ ಚಳಿಗೆ ಮಗು ತಡೆಯೋದಿಲ್ಲ ಅಂತ ಅದನ್ನು ದಾದಿಯರ ಕೈಗೆ ಬಿಟ್ಟು ಗಂಡ ಹೆಂಡತಿ ಹೊರಟರು. ಅಕ್ಬರ್‌ಗೆ 14 ತಿಂಗಳು. ಹಮೀದಾಳಿಗೆ ಆಗ 16. ಅಸ್ಕರಿ ಬಂದು ಮಗುವನ್ನು ಎತ್ತಿಕೊಂಡು ಕಂದಹಾರಿಗೆ ಹೋದ. ಅವನ ಹೆಂಡತಿ ಚೆನ್ನಾಗಿಯೇ ಸಾಕಿದಳು, ಅದನ್ನು ಹೇಳಲೇಬೇಕು. ಮುಂದಿನ ಚಳಿಗಾಲ ಕಾಮ್ರಾನ್ ಅದನ್ನು ಹಿಮದ ದಾರಿಯಲ್ಲಿ ಕಾಬೂಲಿಗೆ ತರಿಸಿಕೊಂಡ. ಅಲ್ಲಿ ಬಾಬರನ ಅಕ್ಕ ಖಾನ್‌ಜಾದಾ ಬೇಗಂ, ಆ ಮುದುಕಿ, ಮಗುವಿನ ಕೈಕಾಲು ಮುದ್ದಿಸಿ, ಇವು ನನ್ನ ತಮ್ಮ ಬಾಬರನದೇ ಕೈಕಾಲು ಅಂದಳಂತೆ. ನಲವತ್ತು ವರ್ಷದ ಹಿಂದೆ ಬಾಬರ್ ಸಮರ್ಕಂದದಿಂದ ಜೀವ ಉಳಿಸಿಕೊಂಡು ಹೋಗಲಿ ಅಂತ ಇವಳನ್ನು ಶತ್ರುವಿಗೆ ಮದುವೆ ಮಾಡಿಕೊಟ್ಟಿದ್ದರು. ಆ ಮನೆತನದ ಗಂಡಸರು ಓಡಿದ್ದರ ಲೆಕ್ಕ ಸಿಗುತ್ತದೆ, ಹಿಂದೆ ಉಳಿದ ಹೆಂಗಸರು ತೆತ್ತದ್ದಕ್ಕೆ ಲೆಕ್ಕ ಇಟ್ಟವರು ಗುಲ್‌ಬದನ್ ಥರದ ಒಬ್ಬಿಬ್ಬರು ಮಾತ್ರ.

ಇತ್ತ ಹಿಮದಲ್ಲಿ ಹುಮಾಯೂನನ ಜೊತೆ ಉಳಿದವರು ಕೈಬೆರಳಿನಲ್ಲಿ ಎಣಿಸುವಷ್ಟು ಜನ. ಹೆಂಗಸರು ಇಬ್ಬರು. ಒಬ್ಬಳು ಹಮೀದಾ, ಇನ್ನೊಬ್ಬಳು ಜೊತೆಗಾರನೊಬ್ಬನ ಹೆಂಡತಿ, ಬಲೂಚಿ. ರಾತ್ರಿ ಹಸಿವು ತಡೆಯಲಾರದೆ ಒಂದು ಕುದುರೆ ಕೊಂದರು. ಬೇಯಿಸಲು ಪಾತ್ರೆ ಇಲ್ಲ. ಯುದ್ಧದಲ್ಲಿ ತಲೆಗೆ ಹಾಕುವ ಕಬ್ಬಿಣದ ಟೋಪಿಯಲ್ಲಿ ಸ್ವಲ್ಪ ಬೇಯಿಸಿದರು, ಸ್ವಲ್ಪ ಸುಟ್ಟರು. ನಾಲ್ಕು ಕಡೆ ಬೆಂಕಿ ಹಾಕಿಕೊಂಡು, ಬಾದಶಹ ತಾನೇ ಕೈಯಾರೆ ಮಾಂಸ ಸುಟ್ಟು ತಿಂದ. ಚಳಿಗೆ ತಲೆಯೇ ಮರಗಟ್ಟಿತ್ತು ಅಂತ ಆಮೇಲೆ ಹೇಳಿಕೊಳ್ಳುತ್ತಿದ್ದನಂತೆ. ಬೆಳಗ್ಗೆ ಬಲೂಚಿಗಳ ಬಿಡಾರ ಸಿಕ್ಕಿತು. ನಾಯಿ ಬೊಗಳಿದವು, ಜನ ಸುತ್ತಿಕೊಂಡರು, ಅವರಾಡುವ ಮಾತು ಆ ಬಲೂಚಿ ಹೆಂಗಸಿಗೊಬ್ಬಳಿಗೇ ತಿಳಿಯೋದು. ಹುಮಾಯೂನನನ್ನು ಹಿಡಿದುಕೊಡಿ ಅಂತ ತಮ್ಮಂದಿರ ಅಪ್ಪಣೆ ಅವರ ಯಜಮಾನನಿಗೆ ಆಗಲೇ ಬಂದಿತ್ತು. ಯಜಮಾನ ಬಂದ, ನೋಡಿದ, ಮನಸ್ಸು ಬದಲಾಯಿತು. ಗಡಿ ದಾಟಿಸಿಕೊಟ್ಟ.

ಪರ್ಷಿಯಾದಲ್ಲಿ ಮಾತ್ರ ಹೊಟ್ಟೆಗೆ ಕೊರತೆ ಆಗಲಿಲ್ಲ. ಅಲ್ಲಿನ ಶಾ ತಹ್ಮಾಸ್ಪ್ ಹೇರಾತಿನ ಅಧಿಕಾರಿಗೆ ಕಳಿಸಿದ ಅಪ್ಪಣೆ ಓದಿದರೆ ಮದುವೆ ಮನೆಯ ಅಡುಗೆ ಪಟ್ಟಿ ಓದಿದ ಹಾಗಿದೆ. ಹಾಲು ಬೆಣ್ಣೆ ಹಾಕಿ ನಾದಿ, ಸೋಂಪು ಗಸಗಸೆ ಸೇರಿಸಿ ಮಾಡಿದ ಬಿಳಿ ರೊಟ್ಟಿ, ಹಿಮದಲ್ಲಿ ತಣ್ಣಗಿಟ್ಟ ಶರಬತ್ತು. ಕಬ್ಬಿಣದ ಟೋಪಿಯಲ್ಲಿ ಬೆಂದ ಕುದುರೆ ಮಾಂಸ ತಿಂದ ಕೆಲವೇ ವಾರಕ್ಕೆ ಇದು! ಆದರೆ ಪುಕ್ಕಟೆ ಅಲ್ಲ. ಶಾ ಶಿಯಾ, ಹುಮಾಯೂನ್ ಸುನ್ನಿ. ಶಾ ಸೌದೆ ಕಳಿಸಿ, ನಮ್ಮ ಪಂಥಕ್ಕೆ ಬಾ, ಇಲ್ಲದಿದ್ದರೆ ಇದೇ ಸೌದೆಯಲ್ಲಿ ಸುಡುತ್ತೇವೆ ಅಂದನಂತೆ. ಹಾಗಂತ ಬರೆದವನು ಜೌಹರ್. ಶಾನ ತಂಗಿ ನಡುವೆ ಬಂದು ಅಣ್ಣನನ್ನು ತಣ್ಣಗೆ ಮಾಡಿದಳು. ಹುಮಾಯೂನ್ ಅವರ ಟೋಪಿ ಹಾಕಿಕೊಂಡ, ಬಾಬರನ ಕಾಲದಿಂದ ಬಂದಿದ್ದ ದೊಡ್ಡ ವಜ್ರ ಕೊಟ್ಟ, ಕಂದಹಾರ್ ಗೆದ್ದರೆ ನಿಮಗೇ ಅಂತ ಮಾತು ಕೊಟ್ಟ. ಬದಲಿಗೆ ಸುಮಾರು 12 ಸಾವಿರ ಕುದುರೆ ಸವಾರರು ಸಿಕ್ಕರು. ಈ ನಡುವೆ ಹೇರಾತ್, ಮಶ್ಹದ್, ತಬ್ರೀಜ್ ಅಂತ ಊರೆಲ್ಲ ಸುತ್ತಿ ನೋಡಿದ. ತಬ್ರೀಜಿನಲ್ಲಿ ‘ಕುರಾ’, ಅಂದರೆ ಆಕಾಶದ ಗೋಳ, ಹುಡುಕಿ ತಾ ಅಂತ ಆಳನ್ನು ಕಳಿಸಿದರೆ ಅವನು ‘ಕುರ್ರಾ’ ಅಂತ ಕೇಳಿಸಿಕೊಂಡು ಕುದುರೆ ಮರಿಗಳನ್ನು ಹೊಡೆದುಕೊಂಡು ಬಂದ. ರಾಜ್ಯ ಹೋಗಿ, ಮಗು ದಾಯಾದಿಗಳ ಕೈಯಲ್ಲಿದ್ದರೂ ಈ ಮನುಷ್ಯನಿಗೆ ನಕ್ಷತ್ರದ ಹುಚ್ಚು ಬಿಟ್ಟಿರಲಿಲ್ಲ. ಅದು ಮೆಚ್ಚಬೇಕಾದ್ದೋ ಬೈಯಬೇಕಾದ್ದೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

1545ರಲ್ಲಿ ಕಂದಹಾರ್, ನವೆಂಬರಿನಲ್ಲಿ ಕಾಬೂಲ್. ಅಕ್ಬರ್‌ಗೆ ಮೂರು ವರ್ಷ. ಆಮೇಲೆ ಕಂದಹಾರಿನಿಂದ ಹಮೀದಾ ಬಂದಾಗ, ಸುತ್ತ ನಿಂತ ಹೆಂಗಸರ ನಡುವೆ ಮಗು ತಾನಾಗಿಯೇ ಹೋಗಿ ಅಮ್ಮನನ್ನು ಹಿಡಿದುಕೊಂಡಿತು ಅಂತ ಆಸ್ಥಾನದ ಇತಿಹಾಸ ಹೇಳುತ್ತದೆ. ಎರಡು ವರ್ಷ ನೋಡದ ಮಗು. ನನಗೆ ನಂಬಿಕೆ ಕಡಿಮೆ, ಅಕ್ಬರನ ದೈವತ್ವಕ್ಕೆ ಹೊಂದಿಸಿ ಬರೆದ ಹಾಗಿದೆ.

ಇಲ್ಲಿಗೆ ಅಲೆದಾಟ ಮುಗಿಯಿತು. ಜಗಳ ಮುಗಿಯಲಿಲ್ಲ. ಹುಮಾಯೂನ್ ಊರು ಬಿಟ್ಟ ಹೊತ್ತು ನೋಡಿ ಕಾಮ್ರಾನ್ ಕಾಬೂಲನ್ನು ಕಿತ್ತುಕೊಂಡ. 1547ರಲ್ಲಿ ಅಣ್ಣ ಕೋಟೆಗೆ ಫಿರಂಗಿ ಹೊಡೆಯುತ್ತಿದ್ದಾಗ ನಾಲ್ಕು ವರ್ಷದ ಅಕ್ಬರನನ್ನು ಗೋಡೆಯ ಮೇಲೆ ಗುಂಡಿಗೆ ಎದುರಾಗಿ ಇಟ್ಟ. ಸೋತ, ಓಡಿದ, ಮತ್ತೆ ಬಂದ. ಹುಮಾಯೂನ್ ಮತ್ತೆ ಕ್ಷಮಿಸಿದ. ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ 1548ರ ಒಂದು ಊಟವನ್ನು ಹೇಳಬೇಕು.

ಉತ್ತರದ ತಾಲಿಕಾನ್ ಕಡೆ ಕಾಮ್ರಾನ್ ಶರಣಾಗಿ ಬಂದ. ಹುಮಾಯೂನ್ ತಬ್ಬಿಕೊಂಡ. ಅಸ್ಕರಿ ಬೇಡಿಯಲ್ಲಿದ್ದ, ಅವನ ಬೇಡಿ ಬಿಚ್ಚಿಸಿದ. ಹಿಂದಾಲ್ ಕೂಡ ಇದ್ದ. ಕೈ ತೊಳೆಯಲು ನೀರು ತಂದರು, ಎಲ್ಲರೂ ತೊಳೆದುಕೊಂಡು ಒಟ್ಟಿಗೆ ಊಟಕ್ಕೆ ಕೂತರು. ಲಾಹೋರಿನಲ್ಲಿದ್ದಾಗ ಗುಲ್‌ಬದನ್ ಒಂದು ಮಾತು ಹೇಳಿದ್ದಳು: ಅಣ್ಣಂದಿರನ್ನೆಲ್ಲ ಒಂದೇ ಕಡೆ ನೋಡಬೇಕು ಅಂತ ಆಸೆ. ಹುಮಾಯೂನ್ ಆ ಊಟದ ಹೊತ್ತಿಗೆ ತಮ್ಮಂದಿರಿಗೆ ಅದನ್ನು ಹೇಳಿದ. ಬೆಳಗ್ಗೆಯಿಂದ ಒಟ್ಟಿಗೆ ಕೂತಿದ್ದೇವೆ, ಅವಳ ಮಾತೇ ನೆನಪಾಗುತ್ತಿದೆ ಅಂದ. ಹೇಳಿದವಳು ಅಲ್ಲಿರಲಿಲ್ಲ, ಕಾಬೂಲಿನಲ್ಲಿದ್ದಳು. ಯಾರೋ ಬಂದು ಹೇಳಿದ್ದನ್ನು ಮುದುಕಿಯಾದ ಮೇಲೂ ಮರೆಯದೆ ಬರೆದಳು. ಆ ಹೊತ್ತಿಗೆ ನಾಲ್ವರು ಅಣ್ಣಂದಿರೂ ಸತ್ತು ದಶಕಗಳೇ ಆಗಿದ್ದವು.

ಒಂದೆರಡು ವರ್ಷಕ್ಕೆ ಕಾಮ್ರಾನ್ ಮತ್ತೆ ತಿರುಗಿಬಿದ್ದ. ಅಸ್ಕರಿಯನ್ನು ಮೆಕ್ಕಾಗೆ ಅಟ್ಟಿದರು, ಅವನು ತಿರುಗಿ ಬರಲಿಲ್ಲ. 1551ರ ನವೆಂಬರಿನ ಒಂದು ರಾತ್ರಿ ಕಾಮ್ರಾನನ ಕಡೆಯವರು ಬಿಡಾರದ ಮೇಲೆ ಬಿದ್ದಾಗ ಹಿಂದಾಲ್ ಸತ್ತ, ಅಣ್ಣನ ಪರವಾಗಿ ಹೊಡೆದಾಡುತ್ತಾ. ಆ ಕತ್ತಿ ನನ್ನ ಎದೆಗೆ, ನನ್ನ ಮಗನ ಎದೆಗೆ, ಗಂಡನ ಎದೆಗೆ ಯಾಕೆ ನಾಟಲಿಲ್ಲ ಅಂತ ಗುಲ್‌ಬದನ್ ಬರೆಯುತ್ತಾಳೆ. ಮೂವತ್ತೈದು ವರ್ಷ ಕಳೆದ ಮೇಲೆ ಬರೆದದ್ದು ಇದು.

ಕೊನೆಗೆ ಪಂಜಾಬಿನ ಗಖ್ಖರ್ ಅನ್ನೋ ಬುಡಕಟ್ಟಿನ ಸರದಾರನೊಬ್ಬ ಕಾಮ್ರಾನನನ್ನು ಹಿಡಿದುಕೊಟ್ಟ. ಈ ಸಲ ಸರದಾರರು ಹುಮಾಯೂನನ ಮಾತು ಕೇಳಲಿಲ್ಲ. ಅಣ್ಣತಮ್ಮ ಅನ್ನೋದು ಬೇಕಾದರೆ ರಾಜ್ಯ ಬಿಡು, ರಾಜ್ಯ ಬೇಕಾದರೆ ಅದನ್ನು ಬಿಡು ಅಂದರು. ಕೊಲ್ಲುವುದು ಬೇಡ, ಕಣ್ಣು ಚುಚ್ಚಿ ಕುರುಡು ಮಾಡಿಸಿ ಅಂತ ತೀರ್ಮಾನ ಆಯಿತು. ಆ ಹೊತ್ತು ಪಕ್ಕದಲ್ಲೇ ಇದ್ದವನು ನಮ್ಮ ಜೌಹರ್. ಕಾಮ್ರಾನ್ ಕೂಗಲಿಲ್ಲ ಅಂತ ಬರೆಯುತ್ತಾನೆ. ಮೊಣಕಾಲ ಮೇಲೆ ಕೂತವನಿಗೆ, ಯಾಕಪ್ಪ ಮೇಲೆ ಕೂತು ಇನ್ನೂ ನೋಯಿಸುತ್ತೀಯ ಅಂದನಂತೆ. ಗಾಯಕ್ಕೆ ನಿಂಬೆರಸ ಉಪ್ಪು ಹಾಕಿದಾಗ ಮಾತ್ರ ದೇವರನ್ನು ಕರೆದ. ಆಮೇಲೆ ಅವನೂ ಮೆಕ್ಕಾಗೆ ಹೊರಟ. ಜೊತೆಗೆ ಹೋದವಳು ಹೆಂಡತಿ ಮಾಹ್ ಚುಚಕ್. ಸಿಂಧ್‌ನಲ್ಲಿ ಹುಮಾಯೂನನಿಗೆ ದವಸ ಸಿಗದ ಹಾಗೆ ಮಾಡಿದ ಶಾ ಹುಸೇನನ ಮಗಳು. ಅಪ್ಪ ಬೇಡ ಅಂದರೂ, ಕಣ್ಣಿದ್ದಾಗ ಕೊಟ್ಟ ಗಂಡನನ್ನು ಕಣ್ಣು ಹೋದ ಮೇಲೆ ಬಿಡಲಾರೆ ಅಂತ ಹೊರಟಳು. ಕಾಮ್ರಾನ್ 1557ರಲ್ಲಿ ಅಲ್ಲೇ ತೀರಿಕೊಂಡ. ಕೆಲವು ತಿಂಗಳಿಗೆ ಅವಳೂ.

ದಾಯಾದಿ ಕಾಟ ತೀರಿದ ಮೇಲೆ ದೆಹಲಿಗೆ ಬರಲು ಹುಮಾಯೂನನಿಗೆ ಎರಡು ವರ್ಷವೂ ಹಿಡಿಯಲಿಲ್ಲ. 1554ರ ನವೆಂಬರಿನಲ್ಲಿ ಕಾಬೂಲ್ ಬಿಟ್ಟ, 1555ರ ಜುಲೈಗೆ ದೆಹಲಿಯಲ್ಲಿದ್ದ. ಆರು ತಿಂಗಳಿಗೆ, 1556ರ ಜನವರಿಯಲ್ಲಿ, ಪುಸ್ತಕದ ಮನೆಯ ಮೆಟ್ಟಿಲು ಜಾರಿ ಸತ್ತ. ಈ ಭಾಗ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ, ಬಿಡಿ.

ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ: ‘5 ವರ್ಷ ಅಲೆದ, 10 ವರ್ಷ ತಮ್ಮಂದಿರ ಜೊತೆ ಕಾದಾಡಿದ’ ಅಂತ. ಗುಲ್‌ಬದನ್ ಬರೆದದ್ದರ ಬಗ್ಗೆ ಒಂದು ಮಾತು ಬಾಕಿ ಇದೆ. ಅದರ ಹಳೆಯ ಪ್ರತಿ ಲಂಡನ್ನಿನಲ್ಲಿದೆ, ಪೂರ್ತಿ ಇಲ್ಲ. ದೆಹಲಿಗೆ ವಾಪಸ್ ಬಂದದ್ದು, ಮೆಟ್ಟಿಲು ಜಾರಿದ್ದು ಯಾವುದೂ ಅದರಲ್ಲಿಲ್ಲ. ಕಾಮ್ರಾನನನ್ನು ಕುರುಡು ಮಾಡಿಸಿದ ಜಾಗಕ್ಕೆ ಬಂದು, ಹೇಳುತ್ತಿದ್ದ ಮಾತು ಅರ್ಧದಲ್ಲೇ ನಿಂತುಹೋಗುತ್ತದೆ. ಮುಂದಿನ ಹಾಳೆಗಳು ಸಿಕ್ಕಿಲ್ಲ.